1361ರ ಗೋಟ್‌ಲ್ಯಾಂಡಿಗೆ ಒಂದು ಗೌನು

ಪ್ರಶ್ನೆ: ನಾನು ಶಿವಮೊಗ್ಗದವಳು, ಈಗ ಸ್ಟಾಕ್‌ಹೋಮ್‌ನಲ್ಲಿದ್ದೇನೆ. ಮುಂದಿನ ಆಗಸ್ಟ್‌ನಲ್ಲಿ ಗೋಟ್‌ಲ್ಯಾಂಡ್ ದ್ವೀಪದ ವಿಸ್ಬಿ ಊರಲ್ಲಿ ನಡೆಯುವ ಮಧ್ಯಯುಗದ ಹಬ್ಬಕ್ಕೆ ಗೆಳತಿಯರ ಜೊತೆ ಹೋಗುವ ಯೋಚನೆ ಇದೆ. ಅಂಗಡಿಯ ರೆಡಿಮೇಡ್ ವೇಷ ಬೇಡ ಅನಿಸಿದೆ. ಬ್ಲೌಸ್, ಚೂಡಿದಾರ್ ಚೆನ್ನಾಗಿಯೇ ಹೊಲಿಯುತ್ತೇನೆ. ಆ ಕಾಲದವರು ನಿಜವಾಗಿ ತೊಡುತ್ತಿದ್ದಂಥದ್ದನ್ನೇ ಹೊಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ಊರಿಂದ ಬರುವಾಗ ಖಾದಿ ತಂದರೆ ನಡೆಯುತ್ತದಾ? ಪ್ಯಾಟರ್ನ್ ಎಲ್ಲಿ ಸಿಗುತ್ತದೆ? ಮೆಷಿನ್ ಬಳಸಬಹುದಾ? ಎಲ್ಲ ಕಡೆ ‘ಮಧ್ಯಯುಗ, ರಿನೈಸಾನ್ಸ್’ ಅಂತ ಒಟ್ಟಿಗೇ ಹೇಳುತ್ತಾರೆ. ಎರಡರ ಉಡುಪೂ ಒಂದೇನಾ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಎರಡೂ ಒಂದಲ್ಲ. ಮಧ್ಯಯುಗ ಅನ್ನುವುದೇ ಸುಮಾರು ಸಾವಿರ ವರ್ಷದ ಅವಧಿ. ಅದರೊಳಗೇ ಉಡುಪು ಹತ್ತಾರು ಸಲ ಬದಲಾಗಿದೆ. 1200ರ ಹೆಂಗಸಿನ ಸಡಿಲ ಅಂಗಿಗೂ 1380ರ ಮೈಗಂಟಿದ ಗೌನಿಗೂ ಸಂಬಂಧವೇ ಇಲ್ಲವೇನೋ ಅನಿಸುತ್ತದೆ. ಮಧ್ಯಯುಗದ ನಂತರ ಬಂದ ರಿನೈಸಾನ್ಸ್ ಕಾಲದ ಉಡುಪಿನ ಲೆಕ್ಕವೇ ಬೇರೆ. 1562ರಲ್ಲಿ ತೀರಿಕೊಂಡ ಎಲೆಯೊನೊರಾ ದಿ ತೊಲೆದೊ ಎಂಬ ಫ್ಲಾರೆನ್ಸ್‌ನ ಡಚೆಸ್‌ಳನ್ನು ಹೂಳುವಾಗ ತೊಡಿಸಿದ್ದ ಗೌನಿನ ಅವಶೇಷ ಇವತ್ತಿಗೂ ಇದೆ. ಸ್ಯಾಟಿನ್ ಬಟ್ಟೆ, ವೆಲ್ವೆಟ್ ಪಟ್ಟಿ. ಮೇಲುಭಾಗ ಬೇರೆ, ಲಂಗ ಬೇರೆ ಕತ್ತರಿಸಿ ಸೊಂಟದಲ್ಲಿ ಕೂಡಿಸಿದ ಉಡುಪು ಅದು. ನೀವು ಹೊಲಿಯಬೇಕಾದ 14ನೇ ಶತಮಾನದ ಗೌನಿನಲ್ಲಿ ಸೊಂಟದ ಹತ್ತಿರ ಹೊಲಿಗೆಯೇ ಇಲ್ಲ. ಬಟ್ಟೆ ಹೆಗಲಿನಿಂದ ನೆಲದವರೆಗೆ ಒಂದೇ ಸಮ ಇಳಿಯುತ್ತದೆ. ಎರಡನ್ನೂ ಬೆರೆಸಿದರೆ ಸಿನಿಮಾದ ರಾಜಕುಮಾರಿ ಆಗುತ್ತೀರಿ ಅಷ್ಟೇ.

ಹಾಗಾಗಿ ಬಟ್ಟೆ ಕೊಳ್ಳುವ ಮೊದಲು ಮೂರು ವಿಷಯ ತೀರ್ಮಾನ ಮಾಡಿಕೊಳ್ಳಿ: ಯಾವ ವರ್ಷ, ಯಾವ ಊರು, ಯಾವ ಮನೆತನದ ಹೆಂಗಸು. ನಿಮ್ಮ ವಿಷಯದಲ್ಲಿ ಇದು ಸುಲಭ. ವಿಸ್ಬಿಗೆ ಒಂದು ವರ್ಷ ತಾನಾಗೇ ಅಂಟಿಕೊಂಡಿದೆ, 1361. ಆ ವರ್ಷ ಜುಲೈ 27ರಂದು ಡೆನ್ಮಾರ್ಕಿನ ರಾಜ ವಾಲ್ಡೆಮಾರನ ಸೈನ್ಯ ಊರಿನ ಗೋಡೆಯ ಹೊರಗೇ ಗೋಟ್‌ಲ್ಯಾಂಡಿನ ರೈತರನ್ನು ಕಡಿದು ಹಾಕಿತು. ಸತ್ತವರನ್ನು ಒಟ್ಟೊಟ್ಟಿಗೆ ಹೂಳಿದ ಗುಂಡಿಗಳಲ್ಲಿ ಸಿಕ್ಕ ಕಬ್ಬಿಣದ ಕವಚಗಳನ್ನು ಊರಿನ ಮ್ಯೂಸಿಯಂನಲ್ಲೇ ನೋಡಬಹುದು. ವಿಸ್ಬಿ ಆಗ ಹಾನ್ಸಾ ಎಂಬ ಉತ್ತರ ಯೂರೋಪಿನ ವ್ಯಾಪಾರ ಕೂಟದ ವರ್ತಕರ ಊರು. ಹಡಗಿನಲ್ಲಿ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯ ಉಣ್ಣೆ ಬಟ್ಟೆ ಬರುತ್ತಿತ್ತು. ‘1360ರ ಆಸುಪಾಸು, ವಿಸ್ಬಿ, ತಕ್ಕಮಟ್ಟಿಗೆ ಅನುಕೂಲಸ್ಥ ವರ್ತಕನ ಹೆಂಡತಿ’ ಎಂದು ಇಟ್ಟುಕೊಳ್ಳಿ. ಇನ್ನು ಮುಂದೆ ಪ್ರತಿ ಅನುಮಾನಕ್ಕೂ ಅವಳನ್ನೇ ಕೇಳಿದರಾಯಿತು. ಅವಳ ಹತ್ತಿರ ಇದು ಇರುತ್ತಿತ್ತಾ? ಇಲ್ಲ ಅಂದರೆ ಬೇಡ.

ಪ್ಯಾಟರ್ನ್ ವಿಷಯಕ್ಕೆ ಬರುತ್ತೇನೆ. ಆ ಕಾಲದ ದರ್ಜಿಗಳು ಪ್ಯಾಟರ್ನ್ ಪುಸ್ತಕ ಬರೆದಿಟ್ಟು ಹೋಗಲಿಲ್ಲ. ಅಚ್ಚಾದ ದರ್ಜಿ ಪುಸ್ತಕಗಳಲ್ಲಿ ತೀರಾ ಹಳೆಯದು ಎಂದು ಹೆಸರಾದದ್ದು ಹುವಾನ್ ದೆ ಆಲ್ಸೆಗಾ ಎಂಬ ಸ್ಪೇನಿನ ದರ್ಜಿಯದು. 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಬಂತು. ನಿಮ್ಮ ವರ್ತಕನ ಹೆಂಡತಿ ಆ ಹೊತ್ತಿಗೆ ಸತ್ತು ಇನ್ನೂರು ವರ್ಷ ಆಗಿತ್ತು. ಅವಳ ಕಾಲದ ಕಟ್ಟಿಂಗ್ ಗೊತ್ತಾಗುವುದು ಮಣ್ಣಿನಲ್ಲಿ ಉಳಿದ ಬಟ್ಟೆಗಳಿಂದ ಮಾತ್ರ. ಚಿತ್ರಗಳಲ್ಲಿ ಹೊರರೂಪ ಸಿಗುತ್ತದೆ, ಒಳಗಿನ ಹೊಲಿಗೆ ಸಿಗುವುದಿಲ್ಲ.

ಇದರಲ್ಲಿ ನಿಮ್ಮ ಅದೃಷ್ಟ ದೊಡ್ಡದು. ಒಳ್ಳೊಳ್ಳೆಯ ಉದಾಹರಣೆಗಳೆಲ್ಲ ನಿಮ್ಮ ಸುತ್ತಲೇ ಇವೆ. ಮೊದಲನೆಯದು ಹೆರ್ಯೋಲ್ಫ್ಸ್‌ನೆಸ್. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿ ನಾರ್ಸ್ ಜನ, ಅಂದರೆ ಸ್ಕ್ಯಾಂಡಿನೇವಿಯಾ ಮೂಲದವರು, ನೆಲೆಸಿದ್ದ ಜಾಗ. 1921ರಲ್ಲಿ ಡೆನ್ಮಾರ್ಕಿನ ಪೌಲ್ ನೋರ್ಲುಂಡ್ ಅಲ್ಲಿನ ಚರ್ಚಿನ ಸ್ಮಶಾನ ಅಗೆದರು. ಮರ ಕಡಿಮೆ ಇದ್ದ ಊರು, ಎಲ್ಲರಿಗೂ ಶವಪೆಟ್ಟಿಗೆ ಎಲ್ಲಿಂದ ಬರಬೇಕು? ಹಳೆಯ ಉಡುಪಿನಲ್ಲೇ ಸುತ್ತಿ ಹೂಳಿದ್ದರು. ನೆಲ ಹೆಪ್ಪುಗಟ್ಟಿದ್ದರಿಂದ ಉಣ್ಣೆ ಉಳಿಯಿತು. ಗೌನುಗಳು, ಮಕ್ಕಳ ಅಂಗಿಗಳು, ತಲೆಗೆ ಹಾಕುವ ಹುಡ್‌ಗಳು, ಕಾಲುಚೀಲಗಳು ಸಿಕ್ಕವು. ರಾಜರಾಣಿಯರದ್ದಲ್ಲ, ಸಾಮಾನ್ಯ ಜನರ ಬಟ್ಟೆ. ಅವು ಕೋಪನ್‌ಹೇಗನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿವೆ. ಡೆನ್ಮಾರ್ಕಿನ ಸಂಶೋಧಕರು ಒಂದೊಂದು ತುಂಡಿನ ಅಳತೆ ತೆಗೆದು ನಕ್ಷೆ ಪ್ರಕಟಿಸಿದ್ದಾರೆ. ಸ್ಟಾಕ್‌ಹೋಮ್‌ನ ದೊಡ್ಡ ಗ್ರಂಥಾಲಯದಲ್ಲಿ ಕೇಳಿ ನೋಡಿ. ದುಡ್ಡು ಕೊಟ್ಟು ತರಿಸುವ ‘ಮೆಡೀವಲ್ ಡ್ರೆಸ್’ ಪ್ಯಾಟರ್ನ್ ಪ್ಯಾಕೆಟ್‌ಗಿಂತ ಆ ನಕ್ಷೆ ಸಾವಿರ ಪಾಲು ವಾಸಿ.

ಎರಡನೆಯದು ಸ್ವೀಡನ್ನಿನ ವಾರ್ಬೆರಿ ಊರಿನ ಬೋಕ್‌ಸ್ಟೆನ್ ಮನುಷ್ಯ. 1936ರಲ್ಲಿ ಜೌಗು ನೆಲದಲ್ಲಿ ಸಿಕ್ಕ ಶವ. ಯಾರೋ ಕೊಂದು, ಎದ್ದು ಬಾರದಿರಲಿ ಅನ್ನುವ ಹಾಗೆ ಮರದ ಗೂಟ ಹೊಡೆದು ಹೂಳಿದ್ದರು. ಅವನು ಯಾರು ಅನ್ನುವ ಜಗಳ ಬೇರೆ ಇದೆ, ಅದು ನಮಗೆ ಬೇಡ. ಅಂಗಿ, ಮೇಲಂಗಿ, ಕಾಲುಚೀಲ, ಹುಡ್ ಎಲ್ಲ ಮೈಮೇಲೆ ಇದ್ದ ಹಾಗೆಯೇ ಉಳಿದಿವೆ. ಹುಡ್‌ನ ಹಿಂದೆ ಬಾಲದಂತೆ ಇಳಿಬಿಟ್ಟ ಪಟ್ಟಿಯೇ ಸುಮಾರು 90 ಸೆಂಟಿಮೀಟರ್! ಗಂಡಸಿನ ಉಡುಪಾದರೂ ಒಮ್ಮೆ ಹೋಗಿ ನೋಡಿ, ಅಂಗಿಯ ಕಟ್ಟಿಂಗ್ ತರ್ಕ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಉಪ್ಸಾಲಾ ಕ್ಯಾಥೆಡ್ರಲ್‌ನಲ್ಲಿರುವ ಚಿನ್ನದೆಳೆಯ ರೇಷ್ಮೆ ಗೌನು, ರಾಣಿ ಮಾರ್ಗರೇಟಾಳದ್ದು ಎಂದು ಹೇಳುವಂಥದ್ದು. ನಿಮಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. 15ನೇ ಶತಮಾನದ ಶುರುವಿನದು, ಅರಮನೆಯ ಬಟ್ಟೆ, ನಕಲು ಮಾಡಲು ಹೋಗಬೇಡಿ. ಆದರೆ ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಇಷ್ಟು ಬೆಲೆಯ ಬಟ್ಟೆಯಲ್ಲೂ ಮೇಲೆ ಅಂಟಿಸಿದ ಲೇಸಿಲ್ಲ, ಬಾರ್ಡರ್ ಇಲ್ಲ. ನೇಯ್ಗೆಯೇ ಅದರ ಅಲಂಕಾರ.

ಈಗ ಖಾದಿ. ಹತ್ತಿಯ ಖಾದಿಯಲ್ಲಿ ಗೌನು ಬೇಡ. ಯೂರೋಪಿನಲ್ಲಿ ಹತ್ತಿ ಗೊತ್ತೇ ಇರಲಿಲ್ಲ ಎಂದಲ್ಲ. ಲಿನನ್ ಹಾಸು, ಹತ್ತಿ ಹೊಕ್ಕು ಇಟ್ಟು ನೇಯ್ದ ಫಸ್ಟಿಯನ್ ಬಟ್ಟೆ ಇಟಲಿಯಲ್ಲಿ, ದಕ್ಷಿಣ ಜರ್ಮನಿಯಲ್ಲಿ ತಯಾರಾಗುತ್ತಿತ್ತು. ನಮ್ಮ ಗುಜರಾತಿನ ಅಚ್ಚಿನ ಹತ್ತಿ ಬಟ್ಟೆ ಈಜಿಪ್ಟ್‌ವರೆಗೆ ಹೋಗಿ ಅಲ್ಲಿನ ಫುಸ್ತಾತ್ ಎಂಬ ಹಳೆಯ ಊರಿನ ಮಣ್ಣಿನಲ್ಲಿ ರಾಶಿ ಸಿಕ್ಕಿದೆ. ಆದರೆ ವಿಸ್ಬಿಯ ಹೆಂಗಸಿನ ಗೌನು ಅಂದರೆ ಉಣ್ಣೆ, ಒಳ ಅಂಗಿ ಅಂದರೆ ಲಿನನ್, ಅಗಸೆ ನಾರಿನ ಬಟ್ಟೆ. ಮೈಗೆ ಲಿನನ್, ಅದರ ಮೇಲೆ ಉಣ್ಣೆ. ಇಷ್ಟು ಸರಿಯಾದರೆ ಅರ್ಧ ಕೆಲಸ ಆದಂತೆ. ಊರಿಂದ ಏನಾದರೂ ತರಲೇಬೇಕು ಅಂದರೆ ಖಾದಿ ಭಂಡಾರದಲ್ಲಿ ಹಿಮಾಚಲ, ಕಾಶ್ಮೀರದ ಕಡೆಯ ಕೈಮಗ್ಗದ ಉಣ್ಣೆ ಬಟ್ಟೆ ಕೇಳಿ. ಪೂರ್ತಿ ಉಣ್ಣೆ ಇರಬೇಕು, ಚೌಕಳಿ ವಿನ್ಯಾಸ ಇರಬಾರದು. ನಮ್ಮ ಕುರುಬರ ಕಂಬಳಿ ನನಗೆ ಪ್ರಾಣ, ಆದರೆ ಗೌನಿಗೆ ಅದು ಬಹಳ ಒರಟು, ಮೈ ಮೇಲೆ ಇಳಿಯುವುದಿಲ್ಲ.

ಎಲ್ಲರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಕೈ ಹೊಲಿಗೆಯಾ, ಮೆಷಿನ್ನಾ’ ಎಂದೇ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಟ್ಟೆ ಮೊದಲು, ಹೊಲಿಗೆ ಆಮೇಲೆ. ಪಾಲಿಯೆಸ್ಟರ್ ಬಟ್ಟೆಗೆ ಆರು ತಿಂಗಳು ಕೂತು ಕೈ ಹೊಲಿಗೆ ಹಾಕಿದರೂ ಅದು ವೇಷವೇ. ಒಳ್ಳೆಯ ಉಣ್ಣೆಗೆ ಮೆಷಿನ್ ಹೊಡೆದರೂ ಅದು ಉಡುಪಿನ ಹಾಗೆ ನಡೆಯುತ್ತದೆ, ಬೀಳುತ್ತದೆ, ಮಡಿಕೆಯಾಗುತ್ತದೆ. ಇನ್ನೊಂದು ಕಾರಣವೂ ಇದೆ. ಇಂಥ ಹಬ್ಬಗಳಲ್ಲಿ ಸಂಜೆ ಬೆಂಕಿಯ ಸುತ್ತ ಕೂರುತ್ತಾರೆ. ಉಣ್ಣೆಗೆ ಕಿಡಿ ಬಿದ್ದರೆ ಅಲ್ಲೇ ಕರಿ ಚುಕ್ಕೆಯಾಗಿ ನಿಲ್ಲುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಅಂಗಡಿಯವರು ‘ವೂಲ್’ ಅಂದರೆ ನಂಬಬೇಡಿ. ಅಂಚಿನಿಂದ ನಾಲ್ಕು ಎಳೆ ಬಿಡಿಸಿಕೊಂಡು ಸಿಂಕ್ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪ್ಲಾಸ್ಟಿಕ್ ಬೆರೆತಿದೆ. ಮೀಟರಿಗೆ 300ರಿಂದ 400 ಗ್ರಾಂ ತೂಗುವ ಬಟ್ಟೆ ಗೌನಿಗೆ ಸರಿ. ಅದಕ್ಕಿಂತ ದಪ್ಪದ್ದು ಕೋಟಿನ ಬಟ್ಟೆ, ಸೊಂಟದ ಹತ್ತಿರ ಮುದ್ದೆಯಾಗುತ್ತದೆ. ಸಾದಾ ನೇಯ್ಗೆಯೂ ಆಗುತ್ತದೆ, ಟ್ವಿಲ್ ಕೂಡ ಆಗುತ್ತದೆ. ಸ್ವಲ್ಪ ಕುಗ್ಗಿಸಿ ಗಟ್ಟಿ ಮಾಡಿದ್ದು ಇನ್ನೂ ಒಳ್ಳೆಯದು. ಆ ಕಾಲದಲ್ಲಿ ಮಗ್ಗದಿಂದ ಇಳಿದ ಬಟ್ಟೆಯನ್ನು ನೀರಲ್ಲಿ ನೆನೆಸಿ ತುಳಿದು, ಇಲ್ಲವೇ ನೀರಿನಿಂದ ತಿರುಗುವ ಗಿರಣಿಯಲ್ಲಿ ಕುಟ್ಟಿಸಿ, ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವ ಹಾಗೆ ಮಾಡುತ್ತಿದ್ದರು. ಹೀಗೆ ಮಾಡಿದ ಬಟ್ಟೆ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ಓವರ್‌ಲಾಕ್ ಇಲ್ಲದೆ ಅವರು ಹೇಗೆ ಬದುಕಿದರು ಅನ್ನುವುದಕ್ಕೆ ಉತ್ತರ ಇದೇ.

150 ಸೆಂಟಿಮೀಟರ್ ಪನ್ನದ ಬಟ್ಟೆಯಾದರೆ ಗೌನಿಗೆ ನಾಲ್ಕರಿಂದ ಐದು ಮೀಟರ್ ಬೇಕು. ಒಳ ಅಂಗಿಗೆ ತೆಳು ಲಿನನ್ ಮೂರು ಮೀಟರ್ ಸಾಕು. ಎರಡನ್ನೂ ಕತ್ತರಿಸುವ ಮೊದಲು ತೊಳೆಯಿರಿ, ಲಿನನ್ನನ್ನಂತೂ ಬಿಸಿ ನೀರಲ್ಲಿ ಎರಡು ಸಲ. ಲಿನನ್ ಕುಗ್ಗುವ ರೀತಿ ನೋಡಿದರೆ ಬೇಜಾರಾಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಇನ್ನೂ ಜಾಸ್ತಿ ಬೇಜಾರಾಗುತ್ತದೆ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲರೂ ತಪ್ಪುವುದು ಇಲ್ಲೇ. ಮಧ್ಯಯುಗ ಅಂದರೆ ಕಂದು, ಬೂದು, ಗೋಣಿಚೀಲ ಅನ್ನುವುದು ಸಿನಿಮಾದವರ ಕಲ್ಪನೆ. ಮ್ಯೂಸಿಯಂನಲ್ಲಿ ಕಂದಾಗಿ ಕಾಣುವುದು ಮಣ್ಣು, ಜೌಗು ಕೊಟ್ಟ ಬಣ್ಣ. ಅವರಿಗೆ ವೋಡ್ ಎಂಬ ಸೊಪ್ಪಿನಿಂದ ನೀಲಿ ಸಿಗುತ್ತಿತ್ತು, ಮ್ಯಾಡರ್ ಬೇರಿನಿಂದ ಕೆಂಪು, ವೆಲ್ಡ್ ಗಿಡದಿಂದ ಹಳದಿ. ವೋಡ್‌ನಲ್ಲಿರುವುದೂ ನಮ್ಮ ನೀಲಿ ಗಿಡದ ಬಣ್ಣವೇ, ಮ್ಯಾಡರ್ ನಮ್ಮ ಮಂಜಿಷ್ಠದ ಕುಲದ್ದೇ. ಪಟಿಕದ ನೀರಲ್ಲಿ ಬಟ್ಟೆ ಹದ ಮಾಡಿಕೊಂಡರೆ ಕೆಂಪು, ಹಳದಿ ಎರಡೂ ಗಟ್ಟಿಯಾಗಿ ಹಿಡಿಯುತ್ತವೆ. ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರು. ಇಟ್ಟಿಗೆ ಕೆಂಪು, ಮಾಸಲು ನೀಲಿ, ಎಲೆ ಹಸಿರು, ಸಾಸಿವೆ ಹೂವಿನ ಹಳದಿ ಇವುಗಳಲ್ಲಿ ಯಾವುದನ್ನಾದರೂ ಆರಿಸಿ. ಕಡು ಕಪ್ಪು ಬೇಡ, ಒಳ್ಳೆಯ ಕಪ್ಪು ತುಂಬಾ ದುಬಾರಿ ಬಣ್ಣವಾಗಿತ್ತು. ಪೀಕಾಕ್ ಬ್ಲೂ, ರಾಣಿ ಪಿಂಕ್ ಅಂತೂ ಬೇಡವೇ ಬೇಡ. ಜರಿ ಬಾರ್ಡರ್ ಹಚ್ಚುವ ಆಸೆ ನಿಮಗೆ ಆಗುತ್ತದೆ, ನಾವು ಆ ನಾಡಿನವರೇ ಅಲ್ವಾ! ತಡೆದುಕೊಳ್ಳಿ.

ಈಗ ಕಟ್ಟಿಂಗ್. ಬ್ಲೌಸ್ ಹೊಲಿಯುವವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಿಸಬೇಕು. ಎದೆಗೆ, ಸೊಂಟಕ್ಕೆ ಆಕಾರ ಕೊಡಬೇಕು ಅಂದ ತಕ್ಷಣ ನಿಮ್ಮ ಕೈ ಟಕ್ಸ್ ಹಿಡಿಯಲು ಹೋಗುತ್ತದೆ. 14ನೇ ಶತಮಾನದಲ್ಲಿ ಟಕ್ಸ್ ಇಲ್ಲ. ಹೆಚ್ಚಾದದ್ದನ್ನು ಮಡಚಿ ಒಳಗೆ ಹಾಕುವ ಬದಲು ಹೊಲಿಗೆಯ ಗೆರೆಯನ್ನೇ ಬಾಗಿಸುತ್ತಾರೆ. ಮುಂದಿನ ನಡುಗೆರೆ, ಪಕ್ಕದ ಗೆರೆಗಳು, ಬೇಕಿದ್ದರೆ ಬೆನ್ನಿನ ನಡುಗೆರೆ, ಇವಿಷ್ಟರಲ್ಲೇ ಮೈಯ ಆಕಾರ ಬರಬೇಕು. ಲಂಗದ ಅಗಲ ಬರುವುದು ತ್ರಿಕೋನದ ತುಂಡುಗಳಿಂದ. ಕಲಿದಾರ್ ಕುರ್ತಾ ಹೊಲಿದಿದ್ದರೆ ನಿಮಗೆ ಇದು ಹೊಸದಲ್ಲ. ಹೆರ್ಯೋಲ್ಫ್ಸ್‌ನೆಸ್ ಗೌನುಗಳಲ್ಲಿ ಮುಂದೆ ಒಂದು, ಹಿಂದೆ ಒಂದು ತ್ರಿಕೋನ ಕೂರಿಸಿ, ಪಕ್ಕಗಳಲ್ಲಿ ಮೇಲೆ ಕಿರಿದು ಕೆಳಗೆ ಅಗಲ ಇರುವ ಉದ್ದ ಪಟ್ಟಿಗಳನ್ನು ಸೇರಿಸಿದ್ದಾರೆ. ಮೇಲೆ ಮೈಗೆ ಹಿಡಿಯುತ್ತದೆ, ಸೊಂಟದ ಕೆಳಗೆ ಘೇರು ಬಿಚ್ಚಿಕೊಳ್ಳುತ್ತದೆ. ಬಟ್ಟೆ ವ್ಯರ್ಥವಾಗುವುದೂ ಕಡಿಮೆ. ಒಂದು ಉದ್ದ ಆಯತವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ತುಂಡು ಸಿಗುತ್ತವೆ, ಒಂದನ್ನು ತಲೆಕೆಳಗು ಮಾಡಿ ಪಕ್ಕಕ್ಕೆ ಸೇರಿಸಿದರಾಯಿತು. ತುಂಡು ಸಾಲದಿದ್ದರೆ ಅವರು ನಾಚಿಕೆಯಿಲ್ಲದೆ ಚೂರು ಸೇರಿಸಿ ಹೊಲಿಯುತ್ತಿದ್ದರು. ನೀವೂ ಹಾಗೇ ಮಾಡಿ. ನೋಡುವವರು ಅದನ್ನೇ ಮೆಚ್ಚುತ್ತಾರೆ.

ತ್ರಿಕೋನದ ಚೂಪು ತುದಿ ಕೂರಿಸುವುದು ಎಲ್ಲರಿಗೂ ತಲೆನೋವು. ಬಟ್ಟೆಗಳನ್ನು ಎದುರುಬದುರು ಇಟ್ಟು ಒಳಗಡೆಯಿಂದ ಹೊಲಿಯಲು ಹೋದರೆ ತುದಿಯಲ್ಲಿ ಸುಕ್ಕು ಬಂದೇ ಬರುತ್ತದೆ. ಹೊರಗಡೆಯಿಂದ ಹೊಲಿಯಿರಿ. ಮುಂಭಾಗದಲ್ಲಿ ಸೀಳು ಮಾಡಿ, ಸೀಳಿನ ಎರಡೂ ಅಂಚನ್ನು ಒಳಗೆ ಮಡಚಿ ಇಸ್ತ್ರಿ ಹಾಕಿ. ತ್ರಿಕೋನದ ತುಂಡನ್ನು ಕೆಳಗಿಟ್ಟು, ತುದಿಯನ್ನು ಸೀಳಿನ ಕೊನೆಗಿಂತ ಒಂದು ಸೆಂಟಿಮೀಟರ್ ಮೇಲಕ್ಕೆ ಹೋಗುವಂತೆ ಪಿನ್ನು ಮಾಡಿ. ತುದಿಯಿಂದ ಶುರು ಮಾಡಿ ಕೆಳಕ್ಕೆ ಒಂದು ಪಕ್ಕ ಹೊಲಿಯಿರಿ. ಮತ್ತೆ ತುದಿಗೆ ಬಂದು ಇನ್ನೊಂದು ಪಕ್ಕ. ಸೀರೆಗೆ ಫಾಲ್ ಹಚ್ಚುವಾಗ ಹಾಕುವ ಹೆಮ್ಮಿಂಗ್ ಇದೆಯಲ್ಲ, ಅದೇ ಹೊಲಿಗೆ, ಸ್ವಲ್ಪ ಒತ್ತೊತ್ತಾಗಿ. ತುದಿಯ ಹತ್ತಿರ ಎಂಟು ಹತ್ತು ಹೊಲಿಗೆ ತೀರಾ ಹತ್ತಿರ ಹತ್ತಿರ ಬರಲಿ, ಜಗ್ಗುವುದು ಅಲ್ಲೇ.

ಗೌನಿನ ಮೇಲುಭಾಗವನ್ನು ಪೇಪರ್ ಮೇಲೆ ಅಳತೆ ಹಾಕಿ ಕತ್ತರಿಸಲು ಹೋಗಬೇಡಿ. ಹಳೆಯ ಬೆಡ್‌ಶೀಟಿನಲ್ಲಿ ಸುಮ್ನೆ ನಾಲ್ಕು ತುಂಡು ಮಾಡಿ, ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ತೊಟ್ಟು, ಗೆಳತಿಯ ಕೈಗೆ ಪಿನ್ನಿನ ಡಬ್ಬಿ ಕೊಡಿ. ಒಳಗೆ ಬ್ರಾ ಬೇಡ. ಈ ಗೌನು ಎದೆಯನ್ನು ತಾನೇ ಹಿಡಿದು ನಿಲ್ಲಿಸಬೇಕು, ಅದೇ ಅದರ ಜಾಣತನ. ಎರಡೂ ಕೈಯಿಂದ ಎದೆಯನ್ನು ಮೇಲೆತ್ತಿ ಹಿಡಿದುಕೊಳ್ಳಿ. ಗೆಳತಿ ಎದೆಯ ಕೆಳಗಿನಿಂದ ಹೊಟ್ಟೆಯವರೆಗೆ ಮುಂದಿನ ಗೆರೆಯನ್ನು ಬಿಗಿಯಾಗಿ ಪಿನ್ನು ಮಾಡಲಿ. ಆ ಗೆರೆ ಎದೆಯ ಹತ್ತಿರ ಹೊರಕ್ಕೆ, ಸೊಂಟದ ಹತ್ತಿರ ಒಳಕ್ಕೆ ಬಾಗುತ್ತದೆ. ನಗು ಬರುತ್ತದೆ, ಪಿನ್ನು ಚುಚ್ಚುತ್ತದೆ, ಇರಲಿ.

ಇಲ್ಲಿ ಒಂದು ಮಾತು. ಆ ಕಾಲದವರಿಗೆ ಬ್ರಾ ಥರದ್ದು ಗೊತ್ತೇ ಇರಲಿಲ್ಲ ಎಂದು ಎಲ್ಲರೂ ನಂಬಿದ್ದರು. 2008ರಲ್ಲಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಲೆಂಗ್‌ಬೆರ್ಗ್ ಕೋಟೆ ರಿಪೇರಿ ಮಾಡುವಾಗ ಕಮಾನಿನ ಮೇಲೆ ತುಂಬಿದ್ದ ಕಸದಲ್ಲಿ ಲಿನನ್ ಒಳ ಉಡುಪುಗಳು ಸಿಕ್ಕವು. ಎದೆಗೆ ಬೇರೆ ಬೇರೆ ಎರಡು ಬಟ್ಟಲು ಹೊಲಿದ, ಈಗಿನ ಬ್ರಾ ಹಾಗೇ ಕಾಣುವ ತುಂಡುಗಳು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿಸಿದರೆ 15ನೇ ಶತಮಾನದವು ಎಂದು ಬಂತು. ನಿಮ್ಮ 1361ಕ್ಕೆ ಅದನ್ನು ಎಳೆದು ತರಬೇಡಿ. ಆದರೂ ಬ್ಲೌಸ್ ಹೊಲಿಯುವ ಯಾರಿಗೇ ಆಗಲಿ ಆ ಫೋಟೋ ನೋಡಿದರೆ ಖುಷಿಯಾಗುತ್ತದೆ.

ತೋಳಿನಲ್ಲಿ ದೊಡ್ಡ ವ್ಯತ್ಯಾಸ ಇದೆ. ನಮ್ಮ ಬ್ಲೌಸ್ ತೋಳಿನ ಹೊಲಿಗೆ ಕಂಕುಳಿನಿಂದ ನೇರ ಕೆಳಗೆ ಬರುತ್ತದೆ. ಇವರದು ತೋಳಿನ ಹಿಂಬದಿಯಲ್ಲಿ ಬರುತ್ತದೆ, ಮೊಣಕೈ ಮೇಲೆ ಹಾದು ಕಿರುಬೆರಳಿನ ಕಡೆ ಇಳಿಯುತ್ತದೆ. ಅದಕ್ಕೇ ಮೊಣಕೈ ಮಡಚುವ ಜಾಗದಲ್ಲಿ ಹೊಲಿಗೆಯನ್ನು ಬಾಗಿಸಲು ಆಗುತ್ತದೆ, ಮಣಿಕಟ್ಟಿನಿಂದ ಮೇಲಕ್ಕೆ ಗುಂಡಿಸಾಲು ಇಡಲು ಆಗುತ್ತದೆ. ತೋಳಿನ ತಲೆ ಒಂದೇ ಗುಡ್ಡದ ಆಕಾರದಲ್ಲಿ ಇರುವುದಿಲ್ಲ, ಅಲೆಯಂತೆ ಒಂದು ಏರು ಒಂದು ಇಳಿತ ಇರುತ್ತದೆ. ಹಿಂದೆ ಹೆಗಲ ಹತ್ತಿರ ಒಂದು ಸಣ್ಣ ತ್ರಿಕೋನ ಸೇರಿಸಿದರೆ ಕೈ ಮುಂದಕ್ಕೆ ಚಾಚಿದಾಗ ಬೆನ್ನು ಬಿಗಿಯುವುದಿಲ್ಲ. ಆರ್ಮ್‌ಹೋಲ್ ಚಿಕ್ಕದಾಗಿ, ಕಂಕುಳಿಗೆ ಹತ್ತಿರ ಇರಲಿ. ‘ಫ್ರೀ ಇರಲಿ’ ಎಂದು ಆಳವಾಗಿ ತೆಗೆದರೆ ಕೈ ಎತ್ತಿದಾಗ ಇಡೀ ಗೌನು ಮೇಲೆ ಬರುತ್ತದೆ.

ಗುಂಡಿ ಕೊಳ್ಳಬೇಡಿ, ಮಾಡಿ. ಲಂಡನ್‌ನಲ್ಲಿ ಥೇಮ್ಸ್ ದಂಡೆಯ ಬೇನಾರ್ಡ್ಸ್ ಕಾಸಲ್ ಹತ್ತಿರ ಅಗೆದಾಗ 14ನೇ ಶತಮಾನದ ಬಟ್ಟೆ ಚೂರುಗಳು ರಾಶಿ ಸಿಕ್ಕಿವೆ. ಅವುಗಳಲ್ಲಿ ಬಟ್ಟೆಯಿಂದಲೇ ಮಾಡಿದ ಗುಂಡಿಗಳಿವೆ. ಗೌನಿನ ಚೂರಿನಲ್ಲೇ ಎರಡೂವರೆ, ಮೂರು ಸೆಂಟಿಮೀಟರ್ ಅಗಲದ ವೃತ್ತ ಕತ್ತರಿಸಿ. ಅಂಚಿನಿಂದ ಸ್ವಲ್ಪ ಒಳಗೆ ಸುತ್ತಲೂ ರನ್ನಿಂಗ್ ಸ್ಟಿಚ್ ಓಡಿಸಿ ದಾರ ಎಳೆಯಿರಿ, ಪುಟ್ಟ ಚೀಲದ ಹಾಗಾಗುತ್ತದೆ. ಅಂಚನ್ನೆಲ್ಲ ಸೂಜಿಯ ಹಿಂದುಗಡೆಯಿಂದ ಒಳಗೆ ತುರುಕಿ. ಹತ್ತಿ ಗಿತ್ತಿ ತುಂಬುವುದು ಬೇಡ, ಆ ಅಂಚೇ ಒಳಗಿನ ತುಂಬು. ಈಗ ಕೆಳಗಡೆ ಅಡ್ಡಡ್ಡ, ಉದ್ದುದ್ದ ಹೊಲಿದು ಬಿಗಿಯಿರಿ, ಗಟ್ಟಿ ಕಾಳಿನ ಹಾಗೆ ಆಗುವವರೆಗೆ. ಮೊದಲ ಗುಂಡಿ ವಕ್ರವಾಗಿರುತ್ತದೆ, ನಾಲ್ಕನೆಯದರ ಹೊತ್ತಿಗೆ ಕೈ ಕೂರುತ್ತದೆ. ಇದನ್ನು ತೋಳಿನ ಅಂಚಿನ ತುದಿಗೇ ಹೊಲಿಯಬೇಕು, ನಮ್ಮ ಹಾಗೆ ಒಳಗೆ ಸರಿಸಿ ಅಲ್ಲ. ಎದುರಿನ ಕಾಜಾ ಕೂಡ ಅಂಚಿಗೆ ತೀರಾ ಹತ್ತಿರ. ಕಾಜಾದ ಹಿಂದೆ ತೆಳು ರೇಷ್ಮೆ ಪಟ್ಟಿ ಕೊಟ್ಟು, ರೇಷ್ಮೆ ದಾರದಲ್ಲಿ ಕಾಜಾ ಮಾಡಿ. ಲಂಡನ್ ಚೂರುಗಳಲ್ಲಿ ಉಣ್ಣೆ ಸವೆದರೂ ಆ ರೇಷ್ಮೆ ಕೆಲಸ ಉಳಿದಿದೆ.

ಮುಂದೆ ಬಿಚ್ಚಿ ಕಟ್ಟುವುದಕ್ಕೆ ಲೇಸ್ ದಾರ ಇಡುತ್ತೀರಾದರೆ ಕಬ್ಬಿಣದ ಐಲೆಟ್ ಹೊಡೆಸಬೇಡಿ. ದಬ್ಬಣದಿಂದ ಎಳೆಗಳನ್ನು ಸರಿಸಿ ತೂತು ಮಾಡಿ, ಕತ್ತರಿಸಬಾರದು, ಸುತ್ತಲೂ ದಾರ ಸುತ್ತಿ ಹೊಲಿಯಿರಿ. ದಾರ ಈಗಿನ ಶೂ ಲೇಸಿನಂತೆ ಎರಡು ತುದಿಯಿಂದ ಅಡ್ಡಡ್ಡ ದಾಟುವುದಿಲ್ಲ. ಒಂದೇ ದಾರ, ಒಂದು ತುದಿ ಕೆಳಗೆ ಗಂಟು, ಇನ್ನೊಂದು ತುದಿ ಸುತ್ತುತ್ತಾ ಮೇಲೆ ಬರುತ್ತದೆ. ಅದಕ್ಕಾಗಿ ಎರಡೂ ಬದಿಯ ತೂತುಗಳು ಎದುರುಬದುರು ಇರದೆ ಅರ್ಧರ್ಧ ಸರಿದಿರಬೇಕು. ಸಮಸಮ ಇಟ್ಟು ಸುತ್ತಿದರೆ ಕುತ್ತಿಗೆಯ ಹತ್ತಿರ ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಆಗುತ್ತದೆ.

ಇನ್ನು ಮೆಷಿನ್. ಒಳಗಿನ ಉದ್ದ ಗೆರೆಗಳನ್ನು ಮೆಷಿನ್‌ನಲ್ಲಿ ಹೊಡೆಯಿರಿ, ನನ್ನ ಅಡ್ಡಿ ಇಲ್ಲ. ಮುಂದಿನ ಆಗಸ್ಟ್‌ಗೆ ಮುಗಿಯಬೇಕಲ್ಲ! ಹೊರಗೆ ಕಾಣುವುದೆಲ್ಲ ಕೈಯಲ್ಲಿ: ಕುತ್ತಿಗೆ, ಅಂಚು, ಕಾಜಾ, ತೂತುಗಳು, ತ್ರಿಕೋನದ ತುದಿಗಳು. ಪೂರ್ತಿ ಕೈಯಲ್ಲೇ ಮಾಡುವ ಹಟ ಇದ್ದರೆ ರನ್ನಿಂಗ್ ಸ್ಟಿಚ್, ನಡುನಡುವೆ ಒಂದು ಬ್ಯಾಕ್ ಸ್ಟಿಚ್. ಭಾರ ಬೀಳುವಲ್ಲಿ, ಅಂದರೆ ಕಂಕುಳು, ಎದೆಗೆರೆಯಲ್ಲಿ, ಪೂರ್ತಿ ಬ್ಯಾಕ್ ಸ್ಟಿಚ್. ಸೆಂಟಿಮೀಟರಿಗೆ ಮೂರು ನಾಲ್ಕು ಹೊಲಿಗೆ ಬಂದರೆ ಸಾಕು. ಲಿನನ್ ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಳ್ಳಿ, ಗಂಟು ಬೀಳುವುದಿಲ್ಲ, ಸವೆಯುವುದೂ ಕಡಿಮೆ.

ಗ್ರೀನ್‌ಲ್ಯಾಂಡಿನ ಹೆಂಗಸರ ಕೈಕೆಲಸ ಇಲ್ಲಿ ನೋಡಬೇಕು. ಹೊಲಿದ ಮೇಲೆ ಒಳಗೆ ಉಳಿದ ಮಾರ್ಜಿನ್ ಅನ್ನು ಹಾಗೇ ಬಿಡದೆ, ಎರಡು ಕಡೆಗೆ ಬಿಡಿಸಿ ಒತ್ತಿ, ಸಣ್ಣ ಟಾಕುಗಳಿಂದ ಬಟ್ಟೆಗೆ ಹಿಡಿಸಿದ್ದಾರೆ. ಸೂಜಿ ಮೇಲಿನ ಅರ್ಧ ದಪ್ಪವನ್ನಷ್ಟೇ ಹಿಡಿಯುತ್ತದೆ, ಹೊರಗೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಅಂಚುಗಳಲ್ಲಿ ಇನ್ನೊಂದು ಉಪಾಯ: ಬಟ್ಟೆಯ ದಪ್ಪದ ಒಳಗೇ ಸೂಜಿಯನ್ನು ಆಚೆ ಈಚೆ ಓಡಿಸಿ ಅಂಚನ್ನು ಗಟ್ಟಿ ಮಾಡುವುದು. ಸವೆಯುವ ಜಾಗಕ್ಕೆ ಹೆಣೆದ ದಾರದ ಪಟ್ಟಿಯನ್ನು ಅಂಚಿನ ಮೇಲೇ ನೇಯುತ್ತಾ ಹೊಲಿದದ್ದೂ ಇದೆ. ಅಷ್ಟು ಚಳಿ, ಅಷ್ಟು ಬಡತನದ ಊರಲ್ಲಿ ಒಳಗಡೆ ಯಾರೂ ನೋಡದ ಕಡೆ ಇಷ್ಟು ಕೆಲಸ! ಗೌನು ಹತ್ತಾರು ವರ್ಷ ಬರಬೇಕಿತ್ತು, ಅಷ್ಟೇ ಕಾರಣ.

ಒಳ ಅಂಗಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಕಷ್ಟದ್ದಲ್ಲ. ಉದ್ದ ಆಯತ, ಹೆಗಲಲ್ಲಿ ಹೊಲಿಗೆ ಬೇಡ, ತಲೆಗೆ ತೂತು. ತೋಳಿಗೆ ಎರಡು ಆಯತ, ಮಣಿಕಟ್ಟಿನ ಕಡೆ ಕಿರಿದು. ಕಂಕುಳಲ್ಲಿ ಒಂದು ಚೌಕದ ತುಂಡು, ಪಕ್ಕಕ್ಕೆ ತ್ರಿಕೋನ. ಲಿನನ್ ಕತ್ತರಿಸುವಾಗ ಸ್ಕೇಲಿಟ್ಟು ಗೆರೆ ಎಳೆಯಬೇಡಿ. ಒಂದು ಎಳೆ ಹಿಡಿದು ನಿಧಾನ ಎಳೆಯಿರಿ, ಬಟ್ಟೆಯಲ್ಲಿ ಸಣ್ಣ ದಾರಿ ಬೀಳುತ್ತದೆ, ಅದರ ಮೇಲೇ ಕತ್ತರಿ ಓಡಿಸಿ.

ತಲೆ ಬಿಟ್ಟುಕೊಂಡು ಹೋಗಬೇಡಿ. ಮದುವೆಯಾದ ಹೆಂಗಸು ಆ ಕಾಲದಲ್ಲಿ ತಲೆ ಮುಚ್ಚದೆ ಬೀದಿಗೆ ಬರುತ್ತಿರಲಿಲ್ಲ. ಇದಕ್ಕೆ ಸ್ವೀಡನ್ನಿನದೇ ಮಾದರಿ ಇದೆ. ಸಂತ ಬಿರ್ಗಿಟ್ಟಾ, 1373ರಲ್ಲಿ ರೋಮ್‌ನಲ್ಲಿ ತೀರಿಕೊಂಡವಳು, ನಿಮ್ಮ ವರ್ತಕನ ಹೆಂಡತಿಯ ಕಾಲದವಳೇ. ಅವಳದ್ದು ಎಂದು ಹೇಳುವ ಲಿನನ್ ಟೋಪಿಯೊಂದನ್ನು ನೆದರ್ಲೆಂಡ್ಸ್‌ನ ಉಡೆನ್ ಊರಿನ ಮಠದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಎರಡು ಲಿನನ್ ತುಂಡುಗಳ ನಡುವೆ ಕಿರಿದಾದ ಸಂದು ಬಿಟ್ಟು, ಆ ಸಂದಿನಲ್ಲಿ ದಾರವನ್ನು ಹೆಣೆದು ಎರಡನ್ನೂ ಕೂಡಿಸಿದ್ದಾರೆ. ಅಂಚಿನ ಪಟ್ಟಿ ಹಿಂದೆ ಉದ್ದ ಕುಣಿಕೆಯಾಗುತ್ತದೆ. ಅದನ್ನು ಕುತ್ತಿಗೆಯ ಹಿಂದೆ ಒಂದು ಸಲ ತಿರುವಿ ತಲೆಯ ಮೇಲಿಂದ ಮುಂದಕ್ಕೆ ತಂದರೆ ಟೋಪಿ ಅಲ್ಲಾಡುವುದಿಲ್ಲ, ಅದರ ಮೇಲೆ ಮುಸುಕನ್ನು ಪಿನ್ನು ಮಾಡಬಹುದು. ನನ್ನ ಸಲಹೆ ಕೇಳಿದರೆ ಮೊದಲು ಇದನ್ನೇ ಹೊಲಿಯಿರಿ. ಅರ್ಧ ಮೀಟರ್ ಲಿನನ್ ಸಾಕು. ಎಳೆ ಎಳೆದು ಕತ್ತರಿಸುವುದು, ಮೇಣ ಹಚ್ಚಿದ ದಾರ, ಸಣ್ಣ ಅಂಚು ಮಡಚುವುದು ಎಲ್ಲ ಇದರಲ್ಲೇ ಕೈಗೆ ಬರುತ್ತದೆ. ಕೆಟ್ಟರೂ ಗೌನಿನ ಉಣ್ಣೆ ಕೆಡುವುದಿಲ್ಲ.

ಟೋಪಿ ಆದ ಮೇಲೆ ಒಳ ಅಂಗಿ, ಅದನ್ನು ತೊಟ್ಟುಕೊಂಡೇ ಬೆಡ್‌ಶೀಟಿನ ಅಳತೆ, ಆಮೇಲೆ ಉಣ್ಣೆ. ಬೆಡ್‌ಶೀಟಿನ ಅಂಗಿ ಮೈಗೆ ಸರಿಹೋದ ಮೇಲೆ ಹೆಗಲಿನಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು, ಕೈ ಮಡಚಿದಾಗಿನ ಮೊಣಕೈ ಸುತ್ತಳತೆ, ಆರ್ಮ್‌ಹೋಲ್ ಸುತ್ತಳತೆ ಈ ನಾಲ್ಕನ್ನೂ ಬರೆದು ಕಳುಹಿಸಿ. ತೋಳಿನ ತಲೆಯ ಆ ಅಲೆಯನ್ನು ಹೇಗೆ ಎಳೆಯುವುದು ಎಂದು ನಿಮ್ಮ ಅಳತೆಗೇ ಗೆರೆ ಹಾಕಿ ತೋರಿಸುತ್ತೇನೆ.